ನಾಲ್ಕು ಕಾಳು ಅರಳಿದರೆ

ಇವತ್ತು ಹರಿಹರದ ಬಸ್ ನಿಲ್ದಾಣದಲ್ಲಿ ಬಿಸಿ ಮಂಡಕ್ಕಿಯ ಪೊಟ್ಟಣ ಬಿಚ್ಚಿದ್ದೇ ತಡ, ಕಾದ ಮರಳಿನ ವಾಸನೆ ನನ್ನನ್ನು ದಾವಣಗೆರೆಯ ದೊಡ್ಡಮ್ಮನ ಮಂಡಕ್ಕಿ ಭಟ್ಟಿಗೆ ಎಳೆದೊಯ್ದಿತು.

ಆ ಮಧ್ಯಾಹ್ನ ದೊಡ್ಡಮ್ಮ ಬಾಣಲೆಯ ಮುಂದೆ ಅಕ್ಕಿಯ ಬುಟ್ಟಿ ಎತ್ತಿ ಹಿಡಿದಿದ್ದಳು. ಮರಳು ಸರಿಯಾಗಿ ಕಾದಿರದಿದ್ದರೆ ಬುಟ್ಟಿಯಷ್ಟೂ ಅಕ್ಕಿ ಅರಳದೆ ಹಾಳು. ಎಂಟು ವರ್ಷದ ನಾನು ಲಂಗ ಮುದುರಿಕೊಂಡು ಪಕ್ಕದಲ್ಲೇ ಕುಕ್ಕರಿಸಿದ್ದೆ. ಕೆನ್ನೆಗೆ ಝಳ ಬಡಿಯುತ್ತಿತ್ತು.

"ಉಸುಕು ಕಾದೈತೆ ಅಂತ ಹೆಂಗೆ ಗೊತ್ತು ದೊಡ್ಡಮ್ಮ?"

"ನಾಕು ಕಾಳು ಹಾಕಿದ್ನಲ್ಲ, ಅರಳಿದ್ವು."

"ನಾಕು ಅರಳಿದ್ರೆ ಎಲ್ಲಾ ಅರಳ್ತಾವಾ?"

"ಎಲ್ಲಾ ಒಂದೇ ಹದಕ್ಕೆ ಒಣಗ್ಯಾವೆ."

"ಅದು ಹೆಂಗೆ ಗೊತ್ತು?"

"ಹಲ್ಲಾಗೆ ಕಚ್ಚಿ ನೋಡೀನಿ. ಟಕ್ ಅಂತು."

"ಟಕ್ ಅಂದ್ರೆ ಒಣಗೈತೆ ಅಂತಾನಾ?"

ಒಲೆಗೆ ಹೊಟ್ಟು ತುಂಬುತ್ತಿದ್ದ ದೊಡ್ಡಪ್ಪ ರೇಗಿದರು. "ಏ ಹುಡುಗಿ, ಇದಕ್ಕೆ ಕೊನೆ ಐತೇನು?"

ದೊಡ್ಡಮ್ಮ ನಕ್ಕಳು. "ಕೊನೆ ಯಾಕ ಬೇಕ್ರಿ? ಅದು ಕೇಳಿದಾಗೆಲ್ಲ ಹೇಳಾಕೆ ನನ್ ಹತ್ರ ಇನ್ನೊಂದು ಕಾರಣ ಐತೆ."

ಬುಟ್ಟಿ ಸುರಿದೇಬಿಟ್ಟಳು. ಚಟಪಟ ಸದ್ದಿನ ಜೊತೆ ಬಾಣಲೆ ತುಂಬ ಬೆಳ್ಳಗೆ ಅರಳಿತು! ನಾನು ಎದ್ದು ಕುಣಿದೆ.

ಅರಳಿದ್ದನ್ನು ಜರಡಿಯಲ್ಲಿ ತೆಗೆದುಹಾಕಿ ಅವಳು ಎರಡನೇ ಬುಟ್ಟಿ ಎತ್ತಿದಳು. "ಈಗ ನೀನು ಹೇಳು. ಹಾಕ್ಲಾ, ಬ್ಯಾಡಾ?"

ಬುಟ್ಟಿಯಿಂದ ನಾಲ್ಕು ಕಾಳು ಎತ್ತಿ ಮರಳಿಗೆ ಎಸೆದೆ. ಅರಳಿದವು. "ಹಾಕು!" ಎಂದು ಕಿರುಚಿದೆ. ಬಾಣಲೆ ಮತ್ತೆ ತುಂಬಿ ಬಂತು.

ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ದೊಡ್ಡಮ್ಮ ಕೇಳಿದಳು: "ಹೆಂಗೆ ಗೊತ್ತಾತು?"

ಹೇಳಿದೆ. ಅವಳು ಮತ್ತೆ ಕೇಳಿದಳು. ನನ್ನನ್ನು ಮನೆಗೆ ಬಿಡಲು ಬಂದವಳು, ಸಿಟಿ ಬಸ್ಸು ವಿದ್ಯಾನಗರ ತಲುಪುವವರೆಗೂ ಕೇಳುತ್ತಲೇ ಇದ್ದಳು. ಪ್ರತಿ ಸಲವೂ ನನ್ನ ಹತ್ತಿರ ಇನ್ನೊಂದು ಇತ್ತು.