ಆರನೇ ಕಲಂ

"ಸಂದೇಶ ಬಂದಿದೆ. ನನ್ನ ಕಣ್ಣೆದುರಿಗೇ ಇದೆ. ಎಲ್ಲಿಂದ ಬಂತು ಅಂತ ಮಾತ್ರ ಹೇಳುವಂತಿಲ್ಲ," ಎಂದಿತು ಫೋನಿನ ಆ ತುದಿಯ ಹೆಣ್ಣುದನಿ, ತಡವರಿಸುವ ಇಂಗ್ಲಿಷಿನಲ್ಲಿ.

ಕಾರವಾರ ಬಂದರಿನ ಸಂಪರ್ಕ ಕೊಠಡಿಯಲ್ಲಿ ನಿಶಾ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಬೇಲೇಕೇರಿಯಿಂದ ಮೀನಿಗೆ ಹೋದ ಕಾಶಿಯ ದೋಣಿ ಇಂಜಿನ್ ಕೆಟ್ಟು, ಗಾಳಿಯ ಬಾಯಿಗೆ ಸಿಕ್ಕು, ತೆಂಕಲ ದ್ವೀಪದೇಶದ ನೀರಿಗೆ ಸರಿದಿತ್ತು. ಹಾಗಾಗಿ ಅವನು ಒತ್ತಿದ ಆಪತ್ತಿನ ಸಂದೇಶ ಹೋಗಿ ಬಿದ್ದದ್ದು ಆ ದೇಶದ ಕೇಂದ್ರಕ್ಕೆ. ಒಪ್ಪಂದವಿಲ್ಲದ ದೇಶಕ್ಕೆ ಮಾಹಿತಿ ಕೊಡಬಾರದೆಂಬುದು ಅಲ್ಲಿಯ ಕಾನೂನು.

"ಹಾಗಾದರೆ ನೀವೇ ಹೋಗಿ ಹುಡುಕಿ."

"ನಮಗಿರುವುದು ಒಂದೇ ಹಡಗು. ಅದು ದುರಸ್ತಿಯಲ್ಲಿದೆ."

"ಅಕ್ಷಾಂಶ, ರೇಖಾಂಶ, ಎರಡೇ ಎರಡು ಸಂಖ್ಯೆ. ನಿಮ್ಮ ಹೆಸರು ಎಲ್ಲೂ ಹೇಳುವುದಿಲ್ಲ."

"ಈ ಕರೆ ರೆಕಾರ್ಡ್ ಆಗುತ್ತಿದೆ," ಎಂದಳು ಆಕೆ. ಗುರುವಾರದ ಸಭೆಯಾಗುವವರೆಗೆ ತನ್ನ ಕೈ ಕಟ್ಟಿದೆ ಎಂದಳು. ಆದರೂ ಫೋನ್ ಇಡುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಕಾಶಿಯ ಹೆಂಡತಿ ಕಲಾವತಿ ಅಂಕೋಲೆಯ ಮೊದಲ ಬಸ್ಸಿಗೇ ಬಂದು ಬೆಂಚಿನ ಮೇಲೆ ಕೂತಿದ್ದಳು. "ಎಂತ ಹೇಳ್ತು ಬಾಯೋರೆ, ಆ ಹೆಂಗ್ಸು?"

"ಗುರುವಾರ ಏಳು ದೇಶದವ್ರು ಕೂಡ್ತ್ರಂತೆ. ಇಂಥಾ ಸಂದೇಶ ಒಬ್ರಿಗೊಬ್ರು ಕೊಡೂಕೆ ಸಹಿ ಹಾಕ್ತ್ರು. ಅದೊಂದು ಆದ್ರೆ ಎರಡು ತಾಸಿನೊಳಗೆ ನಮ್ಮವ್ರು ಹೊರಡ್ತ್ರು."

"ಇನ್ನೂ ಮೂರು ದಿನ," ಎಂದಳು ಕಲಾವತಿ. "ದೋಣೀಲಿ ಇಟ್ಕಂಡ ನೀರು ಅಷ್ಟು ದಿನಕ್ಕೆ ಎಲ್ಲಿಂದ ಸಾಲ್ತದೆ?"

ನಿಶಾ ದಿಲ್ಲಿಗೆ ಬರೆದಳು, ಬೆಂಗಳೂರಿಗೆ ಬರೆದಳು. ಜಾಗ ಗೊತ್ತಿಲ್ಲದ ವಿಮಾನವೊಂದು ಎರಡು ದಿನ ಬರಿಗಡಲ ಮೇಲೆ ಸುತ್ತಿ ಮರಳಿತು. ಗುರುವಾರ ಅವಳೂ ಕಲಾವತಿಯೂ ಕಂಪ್ಯೂಟರಿನ ಮುಂದೆ ಕೂತು ಸಭೆಯ ನೇರ ಪ್ರಸಾರ ನೋಡಿದರು. ಐದು ಕಲಂಗಳು ಸಲೀಸಾಗಿ ಮುಗಿದವು. ಆರನೆಯದು, ಎಲ್ಲರ ಸಂದೇಶವೂ ಬಂದು ಸೇರುವ ಯಂತ್ರವನ್ನು ಯಾವ ದೇಶದಲ್ಲಿಡಬೇಕು ಎಂಬುದು. ಏಳೂ ದೇಶಗಳು ತಮ್ಮಲ್ಲೇ ಇರಲಿ ಎಂದವು. ಊಟದ ಹೊತ್ತಾಯಿತು. ಉಳಿದದ್ದೂ ಸಹಿಯೂ ಮುಂದಿನ ವರ್ಷಕ್ಕೆ ಎಂದು ಅಧ್ಯಕ್ಷರು ಹೇಳಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಇಂಗ್ಲಿಷ್ ಬಾರದ ಕಲಾವತಿ ನಿಶಾಳ ತೋಳು ಹಿಡಿದುಕೊಂಡಳು. "ಆಯ್ತಾ? ಸಿಕ್ದ್ನಾ ಅಂವ?"

ಐದು ದಿನದ ಮೇಲೆ ದ್ವೀಪದ ಮೀನುಗಾರರಿಗೆ ದೋಣಿ ಕಂಡಿತು. ಹವಳದ ದಿಬ್ಬದ ಮೇಲೆ ಲಂಗರು ಇಳಿಸಿ ನಿಂತಿತ್ತು. ಒಳಗೆ ಜೀವವಿರಲಿಲ್ಲ. ಮಾನವೀಯ ನೆಲೆಯಲ್ಲಿ, ಈಗ, ಅಲ್ಲಿಂದ ಸಂದೇಶದ ಪೂರ್ತಿ ದಾಖಲೆಯೂ ಬಂತು.

ಕಲಾವತಿ ಅಳಲಿಲ್ಲ. ಒಂದೇ ಮಾತಿಗೆ ಜೋತುಬಿದ್ದಳು. "ಲಂಗರು ಯಾಕೆ ಹಾಕ್ದ ಬಾಯೋರೆ? ಅಷ್ಟೊಂದು ದ್ವೀಪ ಅದ್ಯಂತೆ ಅಲ್ಲಿ. ಗಾಳಿಗೆ ಬಿಟ್ಟಿದ್ರೆ ಯಾವ್ದಾರೂ ದಡಕ್ಕೆ ತಾಗ್ತಿದ್ದ. ಕಡಲು ತಿಳ್ದ ಮನ್ಶ ಅಂವ."

ನಿಶಾ ಹಾಳೆ ತಿರುವಿದಳು. ಕಾಶಿಯ ಸಂದೇಶ ತಲುಪಿದ್ದು ಭಾನುವಾರ ಬೆಳಿಗ್ಗೆ ಒಂಬತ್ತು ಹದಿನಾಲ್ಕಕ್ಕೆ. ಆ ಕೇಂದ್ರದ ಯಂತ್ರ ತಾನಾಗಿ ಉತ್ತರ ಕಳಿಸಿದ್ದು ಒಂಬತ್ತು ಹದಿನೈದಕ್ಕೆ. ದೋಣಿಯ ಉಪಕರಣ ಅದನ್ನು ಕನ್ನಡದಲ್ಲೇ ತೋರಿಸಿತ್ತು. ಅವಳು ಓದಿದಳು:

"ನಿಮ್ಮ ಸಂದೇಶ ತಲುಪಿದೆ. ಇದ್ದಲ್ಲೇ ಇರಿ."