ಒಂಬತ್ತನೇ ಹೆಜ್ಜೆ

ಒಂಬತ್ತನೇ ಹೆಜ್ಜೆಯಲ್ಲಿ ಇಪ್ಪತ್ತೊಂದು ಎಡಮಂಡಿಗಳು ಒಟ್ಟಿಗೆ ಕುಸಿದು ಎದ್ದವು. ಮುಂದಿನ ಸಾಲಿನಲ್ಲಿದ್ದ ಟೈಲರಮ್ಮನಿಗೆ ಹಿಂತಿರುಗಿ ನೋಡದೆಯೇ ಅದು ಗೊತ್ತಾಯಿತು. ಮರದ ನೆಲ ಒಂದೇ ಸದ್ದು ಮಾಡಿತ್ತು. ಒಳಗೊಳಗೇ ಹಿಗ್ಗು. ಆ ಸಣ್ಣ ಕುಸಿತವನ್ನು ಕಲಿಯಲು ಆಕೆಗೆ ಎರಡು ವರ್ಷ ಹಿಡಿದಿತ್ತು. ಇದು ಬೇರೆ ಶಾಲೆಯವರಿಗೆ ಸಿಕ್ಕದ ನಮ್ಮ ಮೇಷ್ಟ್ರ ಗುಟ್ಟು ಎಂದು ಹೊಸದಾಗಿ ಸೇರಿದವರಿಗೆಲ್ಲ ಕಿವಿಯಲ್ಲಿ ಊದಿದ್ದಳು.

ಟೈರ್ ಅಂಗಡಿಯ ಮೇಲಿನ ಆ ಹಾಲಿನಲ್ಲಿ ಬೆಳಿಗ್ಗೆ ತೈ ಚಿ, ಸಂಜೆ ಕುಂಗ್ ಫೂ. ಎರಡಕ್ಕೂ ಮೇಷ್ಟ್ರು ಒಬ್ಬರೇ. ಇವತ್ತು ಮೂಲ ಶಾಲೆಯಿಂದ ನರೆಗೂದಲ ಪರೀಕ್ಷಕಿ ಬಂದಿದ್ದರು. ಅವರು ಒಪ್ಪಿದರೆ ಮಾನ್ಯತೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಬಾಗಿಲಿಗೆ ಬೀಗ.

ಪರೀಕ್ಷಕಿ ಕೈಯೆತ್ತಿ ನಿಲ್ಲಿಸಿದರು. ಒಂಬತ್ತನೇ ಹೆಜ್ಜೆಯನ್ನು ಮತ್ತೊಮ್ಮೆ ಮಾಡಿಸಿದರು. ಆಮೇಲೆ ನೆಲದ ಮೇಲೇ ಕೂತು, ಎಲ್ಲರ ಕಾಲುಗಳನ್ನೇ ನೋಡುತ್ತ ಮೂರನೇ ಸಲ ಮಾಡಿಸಿದರು. ನೋಡು, ಮರುಳಾಗಿಬಿಟ್ಟರು ಎಂದುಕೊಂಡ ಟೈಲರಮ್ಮನಿಗೆ ಸಂತೋಷ ತಡೆಯಲಾಗಲಿಲ್ಲ.

"ಈ ಬಗ್ಗೋದನ್ನ ಯಾರು ಹೇಳ್ಕೊಟ್ರು?" ಪರೀಕ್ಷಕಿ ಕೇಳಿದರು.

ಕಿಟಕಿಯ ಬಳಿಯಿದ್ದ ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಟೈಲರಮ್ಮ ಮುಂದೆ ಬಂದಳು. "ನಮ್ಮ ಮೇಷ್ಟ್ರೇ ಮೇಡಂ. ಅವ್ರು ಮಾಡೋದಕ್ಕೂ ನಾವು ಮಾಡೋದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಬೇಕಾದ್ರೆ ಟೇಪ್ ಹಿಡಿದು ನೋಡಿ."

ಪರೀಕ್ಷಕಿ ನಗಲಿಲ್ಲ. ಮೇಷ್ಟ್ರ ಕಡೆ ತಿರುಗಿ, "ಎಷ್ಟು ದಿನದಿಂದ?" ಎಂದರು.

ಮೇಷ್ಟ್ರು ಬಗ್ಗಿ ಎಡಗಾಲಿನ ಪ್ಯಾಂಟು ಮಡಚಿದರು. ಮಂಡಿಗೆ ಬಿಗಿದ ಪಟ್ಟಿ, ಅದರ ಕೆಳಗೆ ಊತ. ಆರು ವರ್ಷದ ಹಿಂದೆ ಹಾರಿ ಒದೆಯುವುದನ್ನು ತೋರಿಸಲು ಹೋಗಿ ಬಿದ್ದದ್ದಂತೆ; ಅಂದಿನಿಂದ ಒಂಬತ್ತನೇ ಹೆಜ್ಜೆಯಲ್ಲಿ ಆ ಮಂಡಿ ಭಾರ ತಡೆಯದೆ ಕುಸಿಯುತ್ತಿತ್ತು. ಕೈಕಾಲು ಊನವಾದವರು ಪಾಠ ಹೇಳುವಂತಿಲ್ಲ ಎಂಬುದು ಮೂಲ ಶಾಲೆಯ ನಿಯಮ. ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಟೈಲರಮ್ಮನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಷ್ಟು ಪ್ರೀತಿಯಿಂದ ಕಲಿತು, ಇಪ್ಪತ್ತೊಂದು ಜನ ಸೇರಿ ಮೇಷ್ಟ್ರ ಮೇಲೆ ಚಾಡಿ ಹೇಳಿದ ಹಾಗಾಗಿತ್ತು.

"ಯಾರೂ ಗಮನಿಸಿಲ್ಲ ಅಂದ್ಕೊಂಡಿದ್ದೆ," ಎಂದರು ಮೇಷ್ಟ್ರು.

"ನಾವು ಬೇರೆ ಏನು ನೋಡ್ತಿದ್ವಿ ಮೇಷ್ಟ್ರೇ," ಎಂದಳು ಟೈಲರಮ್ಮ.

ಈಗ ಮಂಡಿ ಕುಸಿಯದಂತೆ ಮಾಡಿ ಎಂದರು ಪರೀಕ್ಷಕಿ. ಶುರುವಾಯಿತು ಪಡಿಪಾಟಲು. ಹಿಂದಿನ ಸಾಲಿನಲ್ಲಿದ್ದ ಹಲ್ಲಿನ ಡಾಕ್ಟರು ಪಕ್ಕದ ಬಸ್ ಡ್ರೈವರಿಗೆ ಡಿಕ್ಕಿ ಹೊಡೆದರು, ಡ್ರೈವರು ಕಿಟಕಿಯ ಸರಳು ಹಿಡಿದು ಬಚಾವಾದರು. ಯಾರೋ ಕಿಸಕ್ಕೆಂದರು, ಮೇಷ್ಟ್ರಿಗೂ ನಗು ಬಂತು. ಟೈಲರಮ್ಮ ಮಾತ್ರ ಹಲ್ಲು ಕಚ್ಚಿ, ಹೊಲಿಗೆ ಯಂತ್ರದ ಪೆಡಲು ತುಳಿಯುವಂತೆ ಪಾದವನ್ನು ಸಮವಾಗಿ ಒತ್ತಿದಳು. ಹೆಜ್ಜೆ ನೆಟ್ಟಗೆ ನಿಂತಿತು.

ಪರೀಕ್ಷಕಿ ಮಾನ್ಯತೆಯ ಕಾಗದ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಇಷ್ಟು ನಿಗಾ ಇಟ್ಟು ಕಲಿತವರನ್ನ ನಾನು ಇನ್ನೆಲ್ಲೂ ನೋಡಿಲ್ಲ. ಬೀಗ ಹಾಕ್ಸೋಕೆ ಮನಸ್ಸಿಲ್ಲ," ಎಂದರು ಕೊನೆಗೆ. ಮಂಡಿಯ ಆಪರೇಷನ್ ಆಗುವವರೆಗೆ ಮೇಷ್ಟ್ರು ಕುರ್ಚಿಯಲ್ಲಿ ಕೂತು ಹೇಳಿಕೊಡಬೇಕು. ಮುಂದೆ ನಿಂತು ಮಾಡಿ ತೋರಿಸುವವಳು ನಾಳೆಯಿಂದ ಟೈಲರಮ್ಮ. ಇಡೀ ಹಾಲ್ ಚಪ್ಪಾಳೆಯಿಂದ ಅದುರಿತು. ಟೈಲರಮ್ಮನಿಗೆ ಅಳುವುದೋ ಕುಣಿಯುವುದೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಗೋಡೆಗನ್ನಡಿಯ ಎದುರು ಆಕೆ ನಿಂತಳು, ಹಿಂದೆ ಇಪ್ಪತ್ತು ಜನ. ಒಂಬತ್ತನೇ ಹೆಜ್ಜೆ ಬಂತು. ಆಕೆಯ ಮಂಡಿ ಕುಸಿಯಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಒಬ್ಬರದೂ ಕುಸಿದಿಲ್ಲ. ಕುರ್ಚಿಯಲ್ಲಿದ್ದ ಮೇಷ್ಟ್ರು "ಭೇಷ್" ಎಂದು ತೊಡೆ ತಟ್ಟಿದರು. ಆ ಸಂಭ್ರಮಕ್ಕೆ ಬೆವರಿದ ಟೈಲರಮ್ಮನ ಕನ್ನಡಕ ಮೂಗಿನ ಮೇಲಿಂದ ಜಾರಿತು. ಆಕೆ ತೋರುಬೆರಳಿನಿಂದ ಅದನ್ನು ಮೇಲಕ್ಕೆ ತಳ್ಳಿಕೊಂಡಳು.

ಕನ್ನಡಿಯಲ್ಲಿ, ಆಕೆಯ ಹಿಂದೆ, ಕನ್ನಡಕ ಇದ್ದವರೂ ಇಲ್ಲದವರೂ, ಇಪ್ಪತ್ತು ಜನ ಒಟ್ಟಿಗೆ ತೋರುಬೆರಳೆತ್ತಿ ಮೂಗಿನ ಬುಡಕ್ಕೆ ಮೃದುವಾಗಿ ಒತ್ತಿಕೊಂಡರು.