ಅಮ್ಮಣ್ಣಿ ಬೆಳೆಸಿದ ಹೊಟ್ಟೆ

ಡಾಕ್ಟರ್ ಲಿಡಿಯಾ ಯೋಗೀಶನ ಹೊಟ್ಟೆ ಒತ್ತುತ್ತಿದ್ದಂತೆ ಅವನ ತಾಯಿ ಅಮ್ಮಣ್ಣಿ ಉಸಿರು ಬಿಗಿಹಿಡಿದಳು. ಆ ಬಿಗಿತಕ್ಕೆ ಹೊರಗೆ ಬಿಜೈ ರಸ್ತೆಯ ಬಸ್ಸುಗಳೆಲ್ಲ ನಿಂತುಬಿಟ್ಟವು. ಕಿಡ್ನಿ ಕೆಟ್ಟಿದ್ದ ಮಗಳು ಸುಪ್ರೀತಾಳಿಗೆ ತಮ್ಮ ಯೋಗೀಶನ ಕಿಡ್ನಿ ಸಿಗುತ್ತದೋ ಇಲ್ಲವೋ, ಈಗ ತಿಳಿಯಬೇಕಿತ್ತು.

“ಗಾಯ ಇಲ್ಲ, ಸೋಂಕಿಲ್ಲ, ಆದರೂ ರಕ್ತದಲ್ಲಿ ಉರಿಯೂತ ಉಂಟು,” ಎಂದರು ಡಾಕ್ಟರ್. “ಈ ಕೊಬ್ಬು ಸುಮ್ಮನೆ ಕೂತಿಲ್ಲ ಅಮ್ಮ. ಪೆಟ್ಟಾಗಿದೆ ಅಂತ ಮೈಗೆಲ್ಲ ಸುಳ್ಳು ಸುದ್ದಿ ಕಳಿಸ್ತಾ ಉಂಟು. ಇಷ್ಟು ದಪ್ಪ ಇರುವಾಗ ಇವರ ಕಿಡ್ನಿ ತೆಗೆಯಲಿಕ್ಕಾಗುವುದಿಲ್ಲ.”

ಕಿಡ್ನಿ ಕೊಡುವವನಿಗೆ ಶಕ್ತಿ ಬೇಕೆಂದು ಅಮ್ಮಣ್ಣಿಯೇ ಅರಬ್ಬೀ ಸಮುದ್ರದ ಅರ್ಧದಷ್ಟು ಅಂಜಲ್ ಮೀನನ್ನು ಹುರಿದು ಅವನಿಗೆ ತಿನ್ನಿಸಿದ್ದಳು. “ಎಂತ ಮಾಡಿಟ್ಟೆ ಅಮ್ಮ,” ಎಂದ ಯೋಗೀಶ್, ತಲೆ ಎತ್ತದೆ.

ಅಮ್ಮಣ್ಣಿ ಅವನ ಕಡೆ ನೋಡಲಿಲ್ಲ. ಹಿಡಿಸೂಡಿ ಪೊರಕೆಯ ಕಡ್ಡಿಯಂಥ ತನ್ನ ತೋಳನ್ನು ಡಾಕ್ಟರ ಮೇಜಿನ ಮೇಲೆ ಚಾಚಿದಳು. “ನನ್ನ ಕಿಡ್ನಿ ಆಗ್ತದಾ ಅಂತ ನನ್ನ ರಕ್ತ ನೋಡಿ ಡಾಕ್ಟ್ರೇ. ಇವನಿಗೆ ಬಡಿಸಿ ಬಡಿಸಿ ನಾನು ತಿಂದದ್ದೇ ಇಲ್ಲ.”